ಎಷ್ಟು ಕೊಡ ಹಿಡಿಯುತ್ತೆ?

ನಮ್ಮ ಸೀಮೆಯಲ್ಲಿ ಮನೆಗೆ ಹಂಡೆ ಬರಲಿ, ಡ್ರಮ್ಮು ಬರಲಿ, ಮಾಡಿನ ಮೇಲೆ ಸಿಂಟೆಕ್ಸು ಏರಲಿ, ನೋಡಲು ಬಂದವರು ಬೆಲೆ ಕೇಳುವ ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಕೊಡ ಹಿಡಿಯುತ್ತೆ?’ ಮಲೆನಾಡಿನವರು ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಸೂರಂಚಿನಿಂದ ನಾಲ್ಕು ತಿಂಗಳು ಧಾರೆಯಾಗಿ ಸುರಿಯುವುದನ್ನು ಯಾರು ಎಣಿಸುತ್ತಾರೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಮಾತ್ರ ಎಣಿಸದೆ ಗತಿಯಿಲ್ಲ. ಇಲ್ಲಿ ಹೆಣ್ಣು ನೋಡಲು ಹೋದವರೂ ಕಾಫಿ ಕುಡಿಯುತ್ತ ಹಿತ್ತಲಿನ ಸಂಪಿನ ಮೇಲೊಮ್ಮೆ ಕಣ್ಣಾಡಿಸುತ್ತಾರೆ. ಬೋರು ಎಷ್ಟು ಇಂಚು ನೀರು ಕೊಡುತ್ತದೆ, ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಇವೆಲ್ಲ ತಿಳಿದ ಮೇಲೆ ಹುಡುಗನ ಸಂಬಳದ ಮಾತು.

ಆದ್ದರಿಂದ ನಮ್ಮ ನಡುಮನೆಗೆ ಗಾಜಿನ ಮೀನಿನ ತೊಟ್ಟಿ ಬಂದು ಕೂತಾಗ ಬೀದಿಯವರು ಮೀನಿನ ಬಣ್ಣದ ಬಗ್ಗೆ ಮಾತಾಡಲಿಲ್ಲ. ಪಕ್ಕದ ಮನೆಯ ಯಜಮಾನರು ಕನ್ನಡಕ ಏರಿಸಿ, ಬಗ್ಗಿ, ಒಳಗಿದ್ದ ಐದು ಗೋಲ್ಡ್‌ಫಿಶ್‌ಗಳನ್ನು ದಾಟಿ ನೀರನ್ನೇ ನೋಡಿ, ‘ಮೇಷ್ಟ್ರೇ, ಎಷ್ಟು ಕೊಡ ಹಿಡಿಯುತ್ತೆ?’ ಎಂದರು. ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನ ಮನೆಯಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಇರಬೇಕಿತ್ತು. ಇರಲಿಲ್ಲ. ಇದ್ದುದು ಮೂರು ನಾಲ್ಕು ಉತ್ತರ, ಒಂದಕ್ಕೊಂದು ತಾಳೆಯಾಗದವು.

ಮೊದಲು ಹೇಳಿದ ಆ ನಾಲ್ಕು ತಾಲ್ಲೂಕನ್ನು ಸೇರಿಸಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿದೆ. ಕಂದಾಯ ಕಟ್ಟುವಾಗ ನಾವು ತುಮಕೂರು ಜಿಲ್ಲೆಯವರು, ಪರೀಕ್ಷೆ ಬರೆಯುವಾಗ ಮಧುಗಿರಿ ಜಿಲ್ಲೆಯವರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ತುಮಕೂರಿಗೊಂದು ಸ್ಥಾನ, ಮಧುಗಿರಿಗೊಂದು ಸ್ಥಾನ. ನನ್ನ ವರ್ಗಾವಣೆಗಳೆಲ್ಲ ಈ ನಾಲ್ಕರೊಳಗೇ ಸುತ್ತಿದವು. ಹೋದಲ್ಲೆಲ್ಲ ಬೆನ್ನು ಬಿಡದ ಲೆಕ್ಕ ಒಂದಿತ್ತು: ಒಂದು ತೊಟ್ಟಿಗೆ ಎರಡು ನಲ್ಲಿಗಳಿವೆ, ಮೊದಲನೆಯದು ತೊಟ್ಟಿಯನ್ನು 4 ಗಂಟೆಯಲ್ಲಿ ತುಂಬಿಸುತ್ತದೆ, ಎರಡನೆಯದು 6 ಗಂಟೆಯಲ್ಲಿ ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ಉತ್ತರ 12 ಗಂಟೆ. ಪಾವಗಡದ ಕಡೆಯ ಹುಡುಗನೊಬ್ಬ ಎದ್ದು ನಿಂತು, ‘ಸಾ, ಎರಡನೇ ನಲ್ಲಿ ತಿರುಗ್ಸಿ ನಿಲ್ಸಾಕೆ ಅವರ ಮನೇಲಿ ಯಾರೂ ಇಲ್ವಾ ಸಾ?’ ಎಂದು ಕೇಳಿದ್ದ. ತರಗತಿ ನಗಲಿಲ್ಲ, ಎಲ್ಲರ ಮುಖದಲ್ಲೂ ಅದೇ ಪ್ರಶ್ನೆ. ಲೆಕ್ಕ ಬರೆದವನು ನೀರಿದ್ದ ಊರಿನವನಿರಬೇಕು.

ಹಾಗೆ ನೋಡಿದರೆ ತೊಟ್ಟಿಯ ಲೆಕ್ಕ ಇಂದು ನಿನ್ನೆಯ ಗೋಳಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಖಾತವ್ಯವಹಾರವೆಂಬ ಅಧ್ಯಾಯವನ್ನೇ ಇಟ್ಟಿದ್ದಾನೆ. ಗುಂಡಿ, ಬಾವಿ, ಕೊಳ ತೋಡಿದರೆ ಒಳಗೆಷ್ಟು ಎಂಬ ಲೆಕ್ಕ. ಮೇಲೆ ಅಗಲ, ಕೆಳಗೆ ಕಿರಿದು, ಬದಿ ಇಳಿಜಾರು, ಆಳ ಒಂದೊಂದು ಕಡೆ ಒಂದೊಂದು. ಆಗಲೂ ಅಳೆಯುವವನನ್ನು ಕಾಡಿದ್ದು ಇದೇ. ಆಚಾರ್ಯ ಗುಂಡಿಯ ತಳಕ್ಕೆ ಬಣ್ಣದ ಜಲ್ಲಿ ಸುರಿದು, ಅದರ ಮೇಲೆ ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ಕಿನ ನಿಧಿಪೆಟ್ಟಿಗೆ ಇಡುವ ಕಾಲದಲ್ಲಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ತೊಟ್ಟಿ ನಾವು ಕೊಂಡದ್ದಲ್ಲ. ಬೆಂಗಳೂರಿನಲ್ಲಿ ಮಗಳು ಬಾಡಿಗೆ ಮನೆ ಬದಲಿಸಿದಳು. ಹೊಸ ಮಾಲೀಕರಿಗೆ ಹೊಸ ಮರದ ನೆಲದ ಮೇಲೆ ನೀರು ಸೋರೀತೆಂಬ ಭಯ. ಬೇಸಿಗೆ ರಜೆಗೆ ಬಂದ ಮೊಮ್ಮಗನ ಜೊತೆ ತೊಟ್ಟಿ, ಪಂಪು, ಜಲ್ಲಿ, ಪಾಲಿಥೀನ್ ಚೀಲದಲ್ಲಿ ಮೀನು ಎಲ್ಲ ಬಂದವು. ರಜೆ ಮುಗಿದಾಗ ಮೊಮ್ಮಗ ಮಾತ್ರ ಹೋದ. ನಿವೃತ್ತರ ಮನೆಗಳು ಹೀಗೆಯೇ ತುಂಬುವುದು: ಒಬ್ಬರ ಮನೆಗೆ ಟ್ರೆಡ್‌ಮಿಲ್ಲು, ಒಬ್ಬರ ಮನೆಗೆ ಗಿಟಾರು, ನಮ್ಮ ಮನೆಗೆ ಮೀನು.

ಸ್ವಲ್ಪ ದಿನದಲ್ಲೇ ಒಂದು ಮೀನಿನ ಬಾಲದ ಮೇಲೆ ಪುಡಿಯುಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣಿಸಿತು. ಮೀನು ಸಾಕುವವರಿಗೆಲ್ಲ ಗೊತ್ತಿರುವ ಕಾಯಿಲೆ; ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಚರ್ಮದೊಳಗೆ ಹೊಕ್ಕು ಕೂರುತ್ತದೆ. ತುಮಕೂರಿನ ಅಂಗಡಿಯಿಂದ ನೀಲಿ ಔಷಧದ ಬಾಟಲಿ ತರಿಸಿದ್ದಾಯಿತು. ಬಾಟಲಿಯ ಮೇಲೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಇಷ್ಟು ಲೀಟರ್ ನೀರಿಗೆ ಇಷ್ಟು ಮಿಲಿ ಎಂದಿತ್ತು. ನಾನು ಮುಚ್ಚಳ ತಿರುಗಿಸುವಾಗ ಹೆಂಡತಿ ಕೈ ಹಿಡಿದಳು.

‘ರೀ, ಇದರಲ್ಲಿ ಎಷ್ಟು ಲೀಟರ್ ಐತೆ ಅಂತ ಗೊತ್ತಾ ನಿಮ್ಗೆ?’

ಮಗಳಿಗೆ ಫೋನು ಮಾಡಿದೆ.

‘ಅಪ್ಪಾ, ಅದು ಎರಡಡಿ ಟ್ಯಾಂಕು.’

‘ಎರಡಡಿ ಅಂದ್ರೆ ಉದ್ದ ಕಣಮ್ಮ. ನಾನು ಕೇಳಿದ್ದು ನೀರು.’

‘ಅಂಗಡಿಯವ್ರು 56 ಲೀಟರ್ ಅಂದಿದ್ರು.’

‘ಅವರು ತುಂಬಿಸಿ ನೋಡಿದ್ರಾ?’

ಆ ಕಡೆಯಿಂದ ಬಂದ ನಿಟ್ಟುಸಿರು ಬೆಂಗಳೂರಿಂದ ಮಧುಗಿರಿಗೆ ಬಸ್ಸಿನಲ್ಲಿ ಬರುವಷ್ಟು ಉದ್ದವಿತ್ತು.

ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಎಂದರೆ ಎರಡು ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಎರಡಕ್ಕೆ 56.6. ಲೆಕ್ಕ ಸರಿ, ತೊಟ್ಟಿ ಗಾಜಿನದಾಗಿರದೆ ಬರೀ ಗೆರೆಯದಾಗಿದ್ದರೆ. ಅಂಗಡಿಯವರು ಅಳೆಯುವುದು ಹೊರಗಿನಿಂದ. ನೀರು ನಿಲ್ಲುವುದು ಒಳಗೆ. ಐದು ಮಿಲಿಮೀಟರ್ ಗಾಜು ಆ ಬದಿಗೂ ಈ ಬದಿಗೂ ತಳಕ್ಕೂ ಕಳೆದರೆ ಒಳಗಿನ ಉದ್ದ 60 ಸೆಂಟಿಮೀಟರ್, ಅಗಲ 29.5, ಎತ್ತರ 30. ಗುಣಿಸಿ ಸಾವಿರದಿಂದ ಭಾಗಿಸಿದರೆ 53 ಲೀಟರ್. ಗಾಜೊಂದೇ ಮೂರೂವರೆ ಲೀಟರ್ ನುಂಗಿತು.

ಕಂಠಪೂರ್ತಿ ಯಾರೂ ತುಂಬುವುದಿಲ್ಲ. ಮೇಲೆ ಎರಡು ಅಂಗುಲ ಬಿಡಲೇಬೇಕು. ಇಲ್ಲದಿದ್ದರೆ ಪಂಪಿನ ಗುಳ್ಳೆ ಒಡೆದು ಗೋಡೆಗೆ ಸಿಡಿಯುತ್ತದೆ, ಉತ್ಸಾಹಿ ಮೀನು ಎಗರಿ ನೆಲಕ್ಕೆ ಬೀಳುತ್ತದೆ. ಎರಡು ಅಂಗುಲವೆಂದರೆ ಐದು ಸೆಂಟಿಮೀಟರ್. ಆ ಐದು ಸೆಂಟಿಮೀಟರಿನಲ್ಲಿ ಹೋದದ್ದು 8.8 ಲೀಟರ್. ಉಳಿದದ್ದು 44. ಆಮೇಲೆ ಹತ್ತು ಕಿಲೋ ಜಲ್ಲಿ. ಇದರ ವಿಷಯದಲ್ಲಿ ಜನ ಎರಡೂ ಕಡೆಗೆ ಎಡವುತ್ತಾರೆ. ಜಲ್ಲಿ ಹರಡಿದ ಎತ್ತರವನ್ನಿಡೀ ಕಳೆದುಬಿಡುವವರಿದ್ದಾರೆ, ಏನೂ ಕಳೆಯದವರೂ ಇದ್ದಾರೆ. ಜಲ್ಲಿಯ ಸಂದಿಯಲ್ಲೂ ನೀರಿರುತ್ತದೆ, ಹರಡಿದ ಜಾಗದಲ್ಲಿ ಹತ್ತಿರಹತ್ತಿರ ಐದರಲ್ಲೆರಡು ಪಾಲು ಸಂದಿಯೇ. ಆದ್ದರಿಂದ ಎತ್ತರಕ್ಕಿಂತ ತೂಕ ನಂಬಿಕಸ್ಥ. ಕಲ್ಲು ನೀರಿಗಿಂತ ಎರಡೂವರೆ ಪಟ್ಟು ಚಿಲ್ಲರೆ ಭಾರ. ಹತ್ತು ಕಿಲೋ ಕಲ್ಲು ಪಕ್ಕಕ್ಕೆ ಸರಿಸುವುದು 3.8 ಲೀಟರ್ ನೀರನ್ನು. ಉಳಿದದ್ದು 40ಕ್ಕೆ ಸ್ವಲ್ಪ ಮೇಲೆ. ಅದರೊಳಗೆ ಇನ್ನೂ ನಿಧಿಪೆಟ್ಟಿಗೆ, ಸೇತುವೆ, ಪಂಪು, ಮತ್ತು ನಾನೇ ಜಯಮಂಗಲಿ ನದಿಯ ಒಣ ಪಾತ್ರದಿಂದ ಆರಿಸಿ ತಂದು ಕುದಿಸಿ ಇಟ್ಟ ನುಣುಪು ಕಲ್ಲು. ಅದೆಲ್ಲ ಕಳೆದರೆ 39.

ಅಂಗಡಿಯಿಂದ 56.6 ಲೀಟರ್ ಆಗಿ ಹೊರಟದ್ದು ನಮ್ಮ ನಡುಮನೆಯ ಶೋಕೇಸಿನ ಮೇಲೆ ಕೂರುವಷ್ಟರಲ್ಲಿ 39 ಲೀಟರ್ ಆಗಿತ್ತು. ಹೆಸರಿನ ಲೀಟರಿಗೆ ಔಷಧ ಹಾಕಿದ್ದರೆ ಮೀನಿಗೆ ಬೀಳುತ್ತಿದ್ದುದು ಬೇಕಾದ್ದಕ್ಕಿಂತ ನೂರಕ್ಕೆ 45 ಹೆಚ್ಚು. ಕೆಲವು ಔಷಧ ಇದನ್ನು ತಡೆದುಕೊಳ್ಳುತ್ತವೆ, ಕೆಲವು ಮೀನು ತಡೆದುಕೊಳ್ಳುವುದಿಲ್ಲ. ಇಂಗ್ಲಿಷ್ ಬಾಟಲಿಗಳಲ್ಲಿ ಗ್ಯಾಲನ್ ಲೆಕ್ಕ ಇದ್ದರಂತೂ ಇನ್ನೊಂದು ಪೇಚು. ನಾವು ಮಗ್ಗಿ ಪುಸ್ತಕದ ಹಿಂದೆ ಕಲಿತ ಗ್ಯಾಲನ್ ಬ್ರಿಟಿಷರದು, 4.546 ಲೀಟರ್, ಅಮೆರಿಕದ ಬಾಟಲಿಯ ಗ್ಯಾಲನ್ 3.785. ಒಂದೇ ಹೆಸರಿನಲ್ಲಿ ಮುಕ್ಕಾಲು ಲೀಟರಿನ ಅಂತರ.

ಶಿರಾದಿಂದ ಭಾವ ಬಂದಿದ್ದರು. ಅವರು ನೀರಾವರಿ ಕೆಲಸದಲ್ಲಿದ್ದು ನಿವೃತ್ತರಾದವರು. ಲೀಟರ್ ಅವರ ಬಾಯಿಗೆ ಬರುವುದಿಲ್ಲ, ಶುರುವಾಗುವುದೇ ಟಿಎಂಸಿಯಿಂದ. ನಮ್ಮ ಕಡೆ ಹೇಮಾವತಿ ನೀರಿನ ಜಗಳದಿಂದಾಗಿ ಚಹಾದಂಗಡಿಯ ಹುಡುಗನಿಗೂ ಟಿಎಂಸಿ ಗೊತ್ತು. ಶಿರಾ ಕೆರೆಗೆ, ಕಳ್ಳಂಬೆಳ್ಳ ಕೆರೆಗೆ ಈ ಸಲ ಎಷ್ಟು ಬಂತು, ಎಷ್ಟು ಬರಬೇಕಿತ್ತು ಎಂಬುದು ಅಲ್ಲಿ ಮದುವೆ ಊಟದ ಪಂಕ್ತಿಯಲ್ಲೂ ನಡೆಯುವ ಚರ್ಚೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಂಗಡಿಯ ಲೆಕ್ಕದಲ್ಲಿ ನಮ್ಮಂಥ ತೊಟ್ಟಿ 50 ಕೋಟಿ ತುಂಬುತ್ತದೆ. ನನ್ನ ಲೆಕ್ಕದಲ್ಲಿ 72 ಕೋಟಿ. ಭಾವನಿಗೆ ಇದನ್ನು ಹೇಳಿದಾಗ ಅವರು ನಗದೆ, ಜಲ್ಲಿಯತ್ತ ಬೆರಳು ತೋರಿಸಿ, ‘ಇದೇ ಹೂಳು’ ಎಂದರು.

ಅಲ್ಲಿಂದ ಮುಂದೆ ಒಂದು ಗಂಟೆ ಅವರದೇ ಮಾತು. 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯಕ್ಕೆ ಕಟ್ಟಿದಾಗಿನ ಲೆಕ್ಕ 133 ಟಿಎಂಸಿ. ಹೂಳು ಕೂತು ಕೂತು ಈಗ ಲೆಕ್ಕಕ್ಕೆ ಹಿಡಿಯುವುದು 105ರ ಆಸುಪಾಸು. ಗೋಡೆ ಅಲ್ಲೇ ಇದೆ, ಗೇಟು ಅಲ್ಲೇ ಇದೆ, ಒಳಗಿನ ಸುಮಾರು 28 ಟಿಎಂಸಿ ಜಾಗಕ್ಕೆ ಮಣ್ಣು ಬಂದು ಕೂತಿದೆ. ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆ ಮಾಡಿರುವುದೂ ಅದೇ ತುಂಗಭದ್ರೆಯ ಹಿನ್ನೀರಿನಿಂದ. ಇನ್ನು ಶಿರಾದಿಂದ ಉತ್ತರಕ್ಕೆ ಹಿರಿಯೂರಿನ ಹತ್ತಿರ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿದದ್ದು. 30 ಟಿಎಂಸಿ ಹಿಡಿಯುತ್ತದೆ. ಹಿಡಿಯುತ್ತದೆ, ಸರಿ. ಆದರೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಪುಸ್ತಕದಲ್ಲಿ ಮಾತ್ರ 30 ಟಿಎಂಸಿ. ಭಾವ ಇಷ್ಟು ಹೇಳಿ, ‘ನಿನ್ನ ತೊಟ್ಟೀಲಿ ಕನಿಷ್ಠ ನೀರೈತಲ್ಲಪ್ಪಾ, ಕಮ್ಮಿ ಆಯ್ತು ಅಂತ ಯಾಕ್ ಕೊರಗ್ತೀಯ’ ಎಂದು ಕಾಫಿ ಲೋಟ ಕೆಳಗಿಟ್ಟರು.

ಈ ಲೆಕ್ಕದಲ್ಲಿ ಎಂಜಿನಿಯರುಗಳಿಗಿಂತ ಗಟ್ಟಿಗರು ಹಿಂದಿನ ನೀರಗಂಟಿಗಳು ಎಂದು ನನಗೆ ಅನ್ನಿಸುತ್ತದೆ. ಕೆರೆ ಎಷ್ಟು ಘನ ಅಡಿ ಎಂದು ಕೇಳಿದರೆ ನೀರಗಂಟಿಗೆ ಗೊತ್ತಾಗುತ್ತಿರಲಿಲ್ಲ. ತೂಬಿನ ಕಲ್ಲಿನ ಮೇಲೆ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ, ಈ ಸಲ ಇಷ್ಟು ಗದ್ದೆಗೆ ಮಾತ್ರ ನಾಟಿ, ಮಿಕ್ಕವರು ರಾಗಿ ಹಾಕಿಕೊಳ್ಳಿ ಎಂದು ಹೇಳಬಲ್ಲವನಾಗಿದ್ದ. ಅವನಿಗೆ ಬೇಕಾದದ್ದು ಕೆರೆಯ ಹೊಟ್ಟೆ ಎಷ್ಟು ದೊಡ್ಡದು ಎಂಬುದಲ್ಲ, ಅದರಿಂದ ಎಷ್ಟು ಕೆಲಸ ನಡೆದೀತು ಎಂಬುದು. ಅವನನ್ನು ನೆನೆದು ನಾನೂ ತೊಟ್ಟಿಯ ಮೂಲೆಗೆ ಸೆಂಟಿಮೀಟರ್ ಗೆರೆಯ ಕಾಗದದ ಪಟ್ಟಿ ಅಂಟಿಸಿದೆ. ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಒಂದೂಮುಕ್ಕಾಲು ಲೀಟರಿಗೆ ಚೂರು ಮೇಲೆ. ಮಧುಗಿರಿಯ ಏಪ್ರಿಲ್ ಬಿಸಿಲಿಗೆ ಏಕಶಿಲಾ ಬೆಟ್ಟ ಕಾದು ರಾತ್ರಿ ಹತ್ತರವರೆಗೂ ಊರಿಗೆ ಬಿಸಿ ಉಗುಳುವಾಗ, ಆ ಪಟ್ಟಿಯ ಮೇಲೆ ನೀರು ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಇಳಿದ ನೀರಿಗೆ ಮತ್ತೆ ನೀರು ಹೊಯ್ದರೆ ಮಟ್ಟ ಸರಿಹೋಗುತ್ತದೆ, ನೀರು ಸರಿಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ. ಉಪ್ಪು, ಸುಣ್ಣ ಎಲ್ಲ ಒಳಗೇ ಕೂರುತ್ತವೆ. ಬೋರಿನ ನೀರನ್ನೇ ಮೇಲಿಂದ ಮೇಲೆ ಸೇರಿಸುತ್ತ ಹೋದರೆ ತೊಟ್ಟಿಯ ನೀರು ತಿಂಗಳಿಂದ ತಿಂಗಳಿಗೆ ಗಡುಸಾಗುತ್ತದೆ. ಹಾಗಾಗಿ ಆಗಾಗ ಕಾಲುಭಾಗ ತೆಗೆದು ಹೊಸದು ಹಾಕಬೇಕು. ಕಾಲುಭಾಗ ಎಂದರೆ ಯಾವುದರ ಕಾಲುಭಾಗ? 56ರದೋ 39ರದೋ? ಮತ್ತೆ ಅದೇ ಪ್ರಶ್ನೆಗೆ ಬಂದೆವು.

ಕೊರಟಗೆರೆಯ ಅತ್ತಿಗೆ ಗೊರವನಹಳ್ಳಿಗೆ ಹೋಗಿ ಬರುವಾಗ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಕಾಗದ, ಪೆನ್ನು, ಅಳತೆ ಟೇಪು, ಬೆವರುವ ನನ್ನನ್ನು ನೋಡಿ, ‘ತಿನ್ನಾಕಾಗದ ಮೀನಿಗೆ ಇಷ್ಟೊಂದು ಲೆಕ್ಕವಾ?’ ಎಂದರು. ಆದರೆ ನಿಧಿಪೆಟ್ಟಿಗೆ ಮತ್ತು ಕಲ್ಲಿನ ಘನ ಹೇಗೆ ಕಂಡುಹಿಡಿಯುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ತೋರಿಸಿದವರೂ ಅವರೇ. ಬಕೆಟ್ಟನ್ನು ಕಂಠಪೂರ್ತಿ ತುಂಬಿಸಿ ಹರಿವಾಣದಲ್ಲಿಡು, ಕಲ್ಲು ಮುಳುಗಿಸು, ಚೆಲ್ಲಿದ ನೀರನ್ನು ಹಾಲಿನ ಅಳತೆಯಲ್ಲಿ ಅಳೆ. ಆರ್ಕಿಮಿಡೀಸನ ಹೆಸರು ಅತ್ತಿಗೆ ಕೇಳಿಲ್ಲ. ದಾಸವಾಳದ ಗಿಡಕ್ಕೆ ಆ ಚೆಲ್ಲಿದ ನೀರು ಹಾಕಿಯೇ ಅವರು ಒಳಗೆ ಬಂದದ್ದು.

ಕಾಗದದ 39 ನಿಜವೋ ಸುಳ್ಳೋ ಎಂದು ತಿಳಿಯಲು ನೇರ ದಾರಿ ಎಂದರೆ ತೊಟ್ಟಿ ಬರಿದು ಮಾಡಿ ಎಣಿಸುತ್ತ ತುಂಬಿಸುವುದು. ಕೊಡ ಇದಕ್ಕೆ ಆಗದು. ಒಂದು ಪ್ಲಾಸ್ಟಿಕ್ ಕೊಡ ಹನ್ನೆರಡು ಲೀಟರ್ ಹಿಡಿದರೆ ಇನ್ನೊಂದು ಹದಿನೈದು ಹಿಡಿಯುತ್ತದೆ. ಅದರ ಜೊತೆಗೆ ತುಂಬುವವರ ಸ್ವಭಾವ. ಬೀದಿ ನಲ್ಲಿಯಲ್ಲಿ ಕೊಡ ತುಳುಕುವಷ್ಟು ತುಂಬಿಸುವವರು, ಹೊರುವಾಗ ಸೊಂಟ ನೆನೆದು ಮುಕ್ಕಾಲಿಗೇ ಎತ್ತುವವರು. ನಮ್ಮ ನಾಲ್ಕು ತಾಲ್ಲೂಕಿಗೆ ಈಗ ಒದಗಿರುವ ಭರವಸೆಯ ಮಾಪಕವೆಂದರೆ ಶುದ್ಧ ಕುಡಿಯುವ ನೀರಿನ ಘಟಕದ 20 ಲೀಟರ್ ಕ್ಯಾನು. ನಾಣ್ಯ ಹಾಕಿದರೆ ಘಟಕ ಕೊಡುವ ನೀರು ಕ್ಯಾನಿನ ಕುತ್ತಿಗೆಗೆ ಬಂದು ನಿಲ್ಲುತ್ತದೆ. ಅದನ್ನೂ ನಂಬದವರು ತೂಕ ಹಾಕಬಹುದು. ನಮ್ಮ ಕಡೆ ಹುಣಸೆಹಣ್ಣು ತೂಗುವ ತಕ್ಕಡಿ ಬೀದಿಗೊಂದು ಸಿಗುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ಸೂಕ್ಷ್ಮವಾಗಿ ಹೇಳುವುದಾದರೆ 4 ಡಿಗ್ರಿ ತಂಪಿನಲ್ಲಿ ಹಾಗೆ. 30 ಡಿಗ್ರಿಯಲ್ಲಿ 40 ಲೀಟರಿಗೆ 170 ಗ್ರಾಂನಷ್ಟು ಕಮ್ಮಿ ತೂಗುತ್ತದೆ. ಅಷ್ಟು ಸೂಕ್ಷ್ಮ ಮೀನಿಗೂ ಬೇಡ, ಹುಣಸೆಹಣ್ಣಿನವರಿಗೂ ಬೇಡ.

ಆದರೆ ಕಾಯಿಲೆ ಬಿದ್ದ ಮೀನನ್ನು ಬಕೆಟ್ಟಿಗೆ ಹಿಡಿದು ಹಾಕಿ, ತೊಟ್ಟಿ ಬರಿದು ಮಾಡಿ ಎಣಿಸುತ್ತ ಕೂರುವುದು ಸರಿಯಲ್ಲ. ಆಗ ನೆರವಿಗೆ ಬಂದವರು ಪಾವಗಡದ ನನ್ನ ಷಡ್ಡಕರು. ಪಾವಗಡ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದುಗೆರೆ ಮೂಡಿದವರನ್ನು, ಕೀಲು ಬಿಗಿದವರನ್ನು ನಾನು ಅಲ್ಲಿ ಪಾಠ ಮಾಡುವಾಗ ನಿತ್ಯ ಕಾಣುತ್ತಿದ್ದೆ. ಹೀಗಾಗಿ ನೀರಿನ ಪರೀಕ್ಷೆ ಎಂದರೆ ಅಲ್ಲಿಯವರ ಕಿವಿ ನೆಟ್ಟಗಾಗುತ್ತದೆ. ಅಲ್ಲಿ ಮನೆಮನೆಗೆ ಆರ್‌ಒ ಮಾರುವ ಹುಡುಗರು ಜೇಬಿನಿಂದ ಪೆನ್ನಿನಂಥ ಟಿಡಿಎಸ್ ಮೀಟರು ತೆಗೆದು ಲೋಟಕ್ಕೆ ಅದ್ದಿ, ಬಂದ ಅಂಕಿಯನ್ನು ಮನೆಯೊಡತಿಗೆ ತೋರಿಸಿ ಹೆದರಿಸುತ್ತಾರೆ. ಟಿಡಿಎಸ್ ಮೀಟರಿಗೆ ಫ್ಲೋರೈಡ್ ಬೇರೆ, ಅಡಿಗೆ ಉಪ್ಪು ಬೇರೆ ಎಂದು ತಿಳಿಯುವುದಿಲ್ಲ, ಕರಗಿದ ಲವಣವೆಲ್ಲ ಅದಕ್ಕೆ ಒಂದೇ. ಆದರೂ ಷಡ್ಡಕರು ಒಂದು ಮೀಟರು ಕೊಂಡು, ಹೋದ ಮನೆಯಲ್ಲೆಲ್ಲ ಮಜ್ಜಿಗೆಯೊಂದನ್ನು ಬಿಟ್ಟು ಮಿಕ್ಕದ್ದಕ್ಕೆಲ್ಲ ಅದ್ದುತ್ತಾರೆ.

‘ಅಣ್ಣ, ತೊಟ್ಟಿ ಮುಟ್ಟಬೇಡಿ. 20 ಗ್ರಾಂ ಉಪ್ಪು ಕೊಡಿ ಸಾಕು’ ಎಂದರು.

‘ಉಪ್ಪು ಹಾಕಿ ರುಚಿ ನೋಡ್ತೀರಾ?’ ಎಂದು ನನ್ನ ಹೆಂಡತಿ ಕೇಳಿದಳು.

ನೋಡುವುದು ರುಚಿಯನ್ನೇ, ನಾಲಗೆಯ ಬದಲು ಮೀಟರಿನಿಂದ. ಒಂದು ಲೀಟರಿನಲ್ಲಿ ಒಂದು ಗ್ರಾಂ ಉಪ್ಪು ಕರಗಿದರೆ ಅಂಕಿ ಸಾವಿರ ಏರಬೇಕು. ಎಲ್ಲ ಮೀಟರೂ ಅಷ್ಟು ಪ್ರಾಮಾಣಿಕವಲ್ಲ, ಅದಕ್ಕೇ ಮೊದಲು ಐದು ಲೀಟರ್ ಅಳೆದ ನೀರಿಗೆ ಎರಡೂವರೆ ಗ್ರಾಂ ಉಪ್ಪು ಕರಗಿಸಿ ಅಂಕಿ 500 ಏರುತ್ತದೆಯೇ ಎಂದು ನೋಡಿಕೊಂಡರು. ಆಮೇಲೆ ತೊಟ್ಟಿಯ ನೀರಿಗೆ ಮೀಟರು ಅದ್ದಿದರು: 410. ಆಭರಣದಂಗಡಿಯ ಪುಟ್ಟ ತಕ್ಕಡಿಯಲ್ಲಿ ತೂಗಿಸಿ ತಂದ 20 ಗ್ರಾಂ ಪುಡಿಯುಪ್ಪನ್ನು ಚೆಂಬು ನೀರಿನಲ್ಲಿ ಕದಡಿ ತೊಟ್ಟಿಗೆ ಸುರಿದರು. ಪಂಪು ಓಡುತ್ತಲೇ ಇತ್ತು. ಉಪ್ಪು ಮೂಲೆ ಮೂಲೆಗೂ, ಜಲ್ಲಿಯ ಸಂದಿಗೂ ಹೋಗಬೇಕಲ್ಲ, ಒಂದು ಗಂಟೆ ಬಿಟ್ಟೆವು. ಊಟ ಮಾಡಿ ಬಂದು ನೋಡಿದರೆ 925. ಏರಿದ್ದು 515. ಇಪ್ಪತ್ತು ಗ್ರಾಂ ಎಂದರೆ 20,000 ಮಿಲಿಗ್ರಾಂ. ಅದನ್ನು 515ರಿಂದ ಭಾಗಿಸಿದರೆ 38.8. ಕಾಗದದ ಲೆಕ್ಕ 39! ನಾನು ಅಳತೆ ಟೇಪು ಹಿಡಿದು ಮಧ್ಯಾಹ್ನವಿಡೀ ಬೆವರಿದ್ದನ್ನು ಮೀಟರು ಊಟದ ಹೊತ್ತಿನಲ್ಲಿ ಹೇಳಿಬಿಟ್ಟಿತ್ತು. ಗಾಜು ಎಷ್ಟು ದಪ್ಪ, ಜಲ್ಲಿ ಎಷ್ಟು, ಪೆಟ್ಟಿಗೆಯೊಳಗೆ ನೀರಿದೆಯೋ ಗಾಳಿಯೋ ಒಂದೂ ಅದಕ್ಕೆ ಬೇಡ. ತೊಟ್ಟಿ ದುಂಡಗಿರಲಿ, ಚೌಕವಿರಲಿ, ಅದು ಅಳೆಯುವುದು ನೀರನ್ನು ಮಾತ್ರ. ಬೆಟ್ಟದ ತೊರೆಗಳಲ್ಲಿ ಹರಿವು ಎಷ್ಟೆಂದು ತಿಳಿಯಲು ಜಲವಿಜ್ಞಾನಿಗಳು ಹೀಗೇ ಮೇಲೆ ಉಪ್ಪು ಸುರಿದು ಕೆಳಗೆ ಅಳೆಯುತ್ತಾರೆ. ಮನುಷ್ಯನ ಮೈಯಲ್ಲಿ ರಕ್ತ ಎಷ್ಟೆಂದು ತಿಳಿಯಲು ವೈದ್ಯರೂ, ಉಪ್ಪಿನ ಬದಲು ಬೇರೆ ವಸ್ತು ಬಳಸಿ, ಇದೇ ಉಪಾಯ ಮಾಡುತ್ತಾರೆ. ಲೀಟರಿಗೆ ಅರ್ಧ ಗ್ರಾಂ ಉಪ್ಪಿನಿಂದ ಗೋಲ್ಡ್‌ಫಿಶ್‌ಗೆ ತೊಂದರೆಯೂ ಇಲ್ಲ.

ದುಂಡನೆಯ ಬಟ್ಟಲಿನ ಮಾತು ಬಂದದ್ದರಿಂದ ಮೇಷ್ಟ್ರ ಚಾಳಿಗೆ ಒಂದು ಮಾತು. ಹತ್ತು ಅಂಗುಲ ವ್ಯಾಸದ ಗುಂಡು ಬಟ್ಟಲು ಪೂರ್ತಿ ತುಂಬಿದರೆ ಎಂಟೂವರೆ ಲೀಟರ್. ಅದನ್ನು ಎತ್ತರದ ಮುಕ್ಕಾಲಿಗೆ ತುಂಬಿದರೆ ನೀರು ಮುಕ್ಕಾಲು ಆಗುವುದಿಲ್ಲ, ನೂರಕ್ಕೆ 84 ಆಗುತ್ತದೆ. ಹೊಟ್ಟೆ ಇರುವುದು ನಡುವಿನಲ್ಲಿ. ಹಾಗೆಂದು ಅದರಲ್ಲಿ ಗೋಲ್ಡ್‌ಫಿಶ್ ಇಡಬೇಡಿ. ಅದು ತಿನ್ನುವುದೂ ಜಾಸ್ತಿ, ಕೊಳಕು ಮಾಡುವುದೂ ಜಾಸ್ತಿ. ಅಂಗಡಿಯಲ್ಲಿ ಬೆರಳುದ್ದ ಇದ್ದದ್ದು ಗೇಣುದ್ದ ಬೆಳೆಯುತ್ತದೆ. ನಮ್ಮ 39 ಲೀಟರೇ ಐದಕ್ಕೆ ಕಮ್ಮಿ ಎಂದು ಲೆಕ್ಕ ಸಿಕ್ಕಿದ ಮೇಲೆ ಗೊತ್ತಾಯಿತು. ಮೂರನ್ನು ಪಕ್ಕದ ಬೀದಿಯಲ್ಲಿ ದೊಡ್ಡ ತೊಟ್ಟಿ ಇರುವವರಿಗೆ, ಚುಕ್ಕೆ ವಾಸಿಯಾದ ಮೇಲೆ, ಕೊಟ್ಟೆವು.

ಹಾಗೆ ನೋಡಿದರೆ ನಮ್ಮ ಸೀಮೆಯ ಮೊದಲ ಮೀನಿನ ತೊಟ್ಟಿಗಳು ಗಾಜಿನವಲ್ಲ, ಗಾರೆಯವು. 2006ರಲ್ಲಿ ಚಿಕುನ್‌ಗುನ್ಯಾ ಬಂದು ಊರೂರೇ ಗೋಡೆ ಹಿಡಿದು ನಡೆಯುತ್ತಿದ್ದ ಕಾಲ. ಅಪರೂಪಕ್ಕೆ ಬರುವ ನೀರನ್ನು ಹಿಡಿದಿಟ್ಟುಕೊಂಡ ತೊಟ್ಟಿಗಳಲ್ಲೇ ಸೊಳ್ಳೆ ಹುಟ್ಟುವುದು. ನೀರು ಹಿಡಿದಿಡದೆ ಬದುಕುವಂತಿಲ್ಲ. ಸೊಳ್ಳೆಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ತೊಟ್ಟಿಗೆ ಬಿಡಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಗಪ್ಪಿ ಮೂಲದಲ್ಲಿ ದಕ್ಷಿಣ ಅಮೆರಿಕದ್ದು. ಈಗ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಯಾರ ಔಷಧವೂ ಇಲ್ಲದೆ, ಪಂಪಿಲ್ಲದೆ, ನಿಧಿಪೆಟ್ಟಿಗೆಯಿಲ್ಲದೆ ಮಕ್ಕಳು ಮರಿ ಮಾಡಿಕೊಂಡಿರುತ್ತದೆ. ಅದಕ್ಕೆ ಲೀಟರ್ ಲೆಕ್ಕ ಬೇಡ. ಆದರೆ ಅದೇ ಊರಿನ ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಬೇಕು. 1000 ಲೀಟರಿಗೆ ಎರಡೂವರೆ ಗ್ರಾಂ ಎಂಬ ಸೂತ್ರ ಆರೋಗ್ಯ ಸಹಾಯಕಿಯರಿಗೆಲ್ಲ ಬಾಯಿಪಾಠ. ಮೀಟರಿನಲ್ಲಿ ಅಳೆದು, ಬಾವಿಯ ವ್ಯಾಸದ ವರ್ಗವನ್ನು ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡುವ ಆ ಹೆಣ್ಣುಮಕ್ಕಳ ಮುಂದೆ ನಮ್ಮ ಪಠ್ಯಪುಸ್ತಕದ ಎರಡು ನಲ್ಲಿಯ ತೊಟ್ಟಿ ನಾಚಬೇಕು.

ಷಡ್ಡಕರು ಹೊರಡುವ ಮುಂಚೆ ತಮ್ಮೂರಿನ ಸೋಲಾರ್ ಪಾರ್ಕನ್ನೂ ಈ ಲೆಕ್ಕಕ್ಕೆ ಎಳೆದು ತಂದರು. ತಿರುಮಣಿಯ ಸುತ್ತ 13,000 ಎಕರೆ, 2,050 ಮೆಗಾವಾಟ್ ಎಂದು ಬೋರ್ಡು. ‘ರಾತ್ರಿ ಎಷ್ಟಣ್ಣ?’ ಎಂದು ಕೇಳಿ ತಾವೇ ಸೊನ್ನೆ ಬರೆದು ತೋರಿಸಿದರು. ಅದು ನೆತ್ತಿಯ ಮೇಲಿನ ಸೂರ್ಯನ ಲೆಕ್ಕ ಎಂದು ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಅವರ ಪ್ರಕಾರ ಬೋರ್ಡಿನ ಅಂಕಿಯೆಲ್ಲ ಹೊರಗಿನಿಂದ ಟೇಪು ಹಿಡಿದದ್ದು.

ತೂಕದ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಬಹಳ ಮಂದಿ ಯೋಚಿಸುವುದಿಲ್ಲ. ಎರಡಡಿ ತೊಟ್ಟಿಯ ಗಾಜು ಒಂಬತ್ತು ಕಿಲೋಗೆ ಮೇಲೆ, ನೀರು 39, ಜಲ್ಲಿ 10, ಕಲ್ಲು ಗೊಂಬೆ ಮೂರು. ಅರವತ್ತು ಕಿಲೋ ದಾಟಿತು. ಮೈತುಂಬಿದ ಮನುಷ್ಯನೊಬ್ಬ ಹಗಲೂ ರಾತ್ರಿ ನಿಮ್ಮ ಟೀಪಾಯಿಯ ಮೇಲೆ ಕೂತ ಹಾಗೆ. ಪ್ಲೈವುಡ್ಡಿನ ಟೀಪಾಯಿ ಇದಕ್ಕಲ್ಲ. ತೊಟ್ಟಿಯ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ, ನಾಲ್ಕೂ ಮೂಲೆ ಮಟ್ಟವಾಗಿ ಕೂರಿಸಬೇಕು. ಒಂದು ಮೂಲೆ ಎತ್ತರವಾದರೆ ಗಾಜಿನ ಅಂಟು ಬಿಟ್ಟೀತು.

ನಿಮ್ಮ ಮನೆಗೂ ಮಕ್ಕಳ ಕಡೆಯಿಂದ ತೊಟ್ಟಿ ಬರುವ ಲಕ್ಷಣವಿದ್ದರೆ ಒಂದು ಕೆಲಸ ಮಾಡಿ. ಜಲ್ಲಿ ತೊಳೆದು ಹಾಸಿ, ಕಲ್ಲು, ಗೊಂಬೆ, ಪಂಪು ಎಲ್ಲ ಇಟ್ಟು, ಆಮೇಲೆ ಮೊದಲ ಸಲ ನೀರು ಹಾಕುವಾಗಲೇ ಲೀಟರಿನ ಜಗ್ಗಿನಲ್ಲೋ 20 ಲೀಟರ್ ಕ್ಯಾನಿನಲ್ಲೋ ಎಣಿಸಿ ಹಾಕಿ. ಎಲ್ಲಿಗೆ ನಿಲ್ಲಿಸಿದಿರೋ ಅಲ್ಲಿ ಗೆರೆ ಎಳೆದು, ಅಂಕಿಯನ್ನು ತೊಟ್ಟಿಯ ಹಿಂಬದಿಯ ಗಾಜಿನ ಮೇಲೆ ಬರೆದಿಡಿ. ಅರ್ಧ ಗಂಟೆಯ ಕೆಲಸ. ಈಗಾಗಲೇ ಮೀನು ಈಜುತ್ತಿದ್ದರೆ ಟಿಡಿಎಸ್ ಮೀಟರು ಇರುವ ಪಾವಗಡದ ನೆಂಟರೊಬ್ಬರನ್ನು ಊಟಕ್ಕೆ ಕರೆಯಿರಿ. ಉಪ್ಪು ನಿಮ್ಮ ಮನೆಯಲ್ಲೇ ಇರುತ್ತದೆ.